ಮಗಳಿಗೊಂದು ಪತ್ರ: ಮೊಣಕಾಲಿನ ವಿಚಾರ

ಪ್ರೀತಿಯ ಪುಟ್ಟಿ,

ನೀನು ಪುಣೆ ತಲುಪಿದಾಗಿನಿಂದ ದಿನಕ್ಕೆರಡು ಸಲ ಫೋನ್ ಮಾಡಿ ನನ್ನ ಮೊಣಕಾಲಿನ ಯೋಗಕ್ಷೇಮ ವಿಚಾರಿಸುತ್ತಿದ್ದೀಯ. ನಿನ್ನೆ ಕೊರಿಯರ್‌ನಲ್ಲಿ ಮುಲಾಮು ಬೇರೆ ಬಂತು. ನಿಮ್ಮಮ್ಮ ಅದನ್ನು ಮೇಜಿನ ಮೇಲಿಟ್ಟು, “ಯಾವ ಕಾಲಿಗೆ ಹಚ್ಚಬೇಕು?” ಎಂದು ಕೇಳಿದಳು. ತಕ್ಷಣ ಉತ್ತರ ಹೊಳೆಯಲಿಲ್ಲ. ಬೆಟ್ಟದ ಮೇಲೆ ನಾನು ಹಿಡಿದುಕೊಂಡು ನರಳಿದ್ದು ಎಡಗಾಲನ್ನೋ, ಬಲಗಾಲನ್ನೋ? ಫೋನಿನಲ್ಲಿ ಹೇಳಲು ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮೊಣಕಾಲುಗಳಿಗೆ ಏನೂ ಆಗಿಲ್ಲ. ಎರಡೂ ಚೆನ್ನಾಗಿವೆ.

ಸಾವನದುರ್ಗಕ್ಕೆ ಹೋಗೋಣ ಎಂದವಳು ನೀನೇ ಆದರೂ ಆ ಹುಳವನ್ನು ನಿನ್ನ ತಲೆಗೆ ಬಿಟ್ಟವನು ನಾನು. ಹವಾಯಿ ಚಪ್ಪಲಿ ಮೆಟ್ಟಿಕೊಂಡು 1988ರಲ್ಲಿ ಅಲ್ಲಿನ ಕರಿಗುಡ್ಡದ ನೆತ್ತಿ ಹತ್ತಿದ್ದು, ಬಸವಣ್ಣನ ಮಂಟಪದಲ್ಲಿ ಕೂತು ಚಿತ್ರಾನ್ನ ತಿಂದದ್ದು, ಗಾಳಿಗೆ ಟವೆಲ್ ಹಾರಿಹೋದದ್ದು, ಇವನ್ನೆಲ್ಲ ನೀನು ಊಟಕ್ಕೆ ಹಟ ಮಾಡುತ್ತಿದ್ದ ಕಾಲದಿಂದ ಕೇಳಿದ್ದೀಯ. ಕೇಳಿ ಕೇಳಿ ಒಂದು ದಿನ ನೋಡಬೇಕೆನ್ನಿಸಿದರೆ ಅದು ನಿನ್ನ ತಪ್ಪಲ್ಲ.

ವೀರಭದ್ರಸ್ವಾಮಿಗೆ ಕೈಮುಗಿದು ಹೊರಟಾಗ ಏಳು ಗಂಟೆ. ಬೇರೆ ಬೆಟ್ಟಗಳಲ್ಲಿ ಮೆಟ್ಟಿಲಿರುತ್ತದೆ, ಕಾಲುದಾರಿ ಇರುತ್ತದೆ, ಹಿಡಿದುಕೊಳ್ಳಲು ಗಿಡದ ಕೊಂಬೆಯಾದರೂ ಸಿಗುತ್ತದೆ. ಇಲ್ಲಿ ನಾಲ್ಕು ಹೆಜ್ಜೆ ಕುರುಚಲು ದಾಟಿದರೆ ಮುಗಿಯಿತು, ಆಮೇಲೆಲ್ಲ ಬೋಳು ಬಂಡೆ. ಬಿಳಿ ಬಣ್ಣದಲ್ಲಿ ಬಳಿದ ಬಾಣದ ಗುರುತುಗಳನ್ನು ಬಿಟ್ಟರೆ ದಾರಿ ಎನ್ನುವುದೇ ಇಲ್ಲ. ನೀನು ದಣಿವಿಲ್ಲದೆ ಮುಂದೆ ಹೋಗುತ್ತಿದ್ದೆ. ನಾನು ಅಲ್ಲಲ್ಲಿ ನಿಂತು ಇತಿಹಾಸ ಹೇಳುತ್ತಿದ್ದೆ. ಮೊದಲ ಕೋಟೆಗೋಡೆಯ ಹತ್ತಿರ ಮಾಗಡಿ ಕೆಂಪೇಗೌಡರು ಬಂದರು, ಹಿಂದೆಯೇ 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಫಿರಂಗಿಗಳೂ ಬಂದವು. ಟಿಪ್ಪುವಿನ ಕಡೆಯವರು ಯಾರಿಂದಲೂ ಹತ್ತಲಾಗದು ಎಂದು ನಂಬಿದ್ದ ದುರ್ಗ ಕೆಲವೇ ದಿನಗಳಲ್ಲಿ ಬಿತ್ತು ಎಂದು ಕೈಬೀಸಿ ವಿವರಿಸಿದೆ. ಇನ್ನೊಂದು ಏರಿನಲ್ಲಿ ಕಲ್ಲಿನ ಜಾತಕ ತೆಗೆದೆ. ಇದು ಕ್ಲೋಸ್‌ಪೇಟ್ ಗ್ರಾನೈಟ್, ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರೇ ಇದಕ್ಕೂ ಬಂದಿದೆ, ವಯಸ್ಸು ಸುಮಾರು 250 ಕೋಟಿ ವರ್ಷ ಎಂದೆ. “ಅಪ್ಪ, ನಿಮಗೆ ಎಷ್ಟೆಲ್ಲ ಗೊತ್ತು!” ಎಂದೆ ನೀನು. ಎಲ್ಲವೂ ನಿಜ ಮಗಳೇ, ಆದರೆ ಹೇಳಿದ್ದು ಉಸಿರು ತೆಗೆದುಕೊಳ್ಳಲು. ಮೂರನೆಯ ಏರಿಗೆ ನನ್ನಲ್ಲಿ ಇತಿಹಾಸ ಉಳಿದಿರಲಿಲ್ಲ.

ಅಲ್ಲೇ ಆದದ್ದು. ಸಾವನದುರ್ಗದ ಬಂಡೆಗೆ ಒಂದು ದುರ್ಗುಣವಿದೆ. ಅದು ಕವುಚಿ ಹಾಕಿದ ಬಾಣಲೆಯ ಹಾಗೆ ಉಬ್ಬಿಕೊಂಡಿದೆ. ತಿರುಗಿ ನೋಡಿದರೆ ನೀನು ಹತ್ತಿ ಬಂದ ಕಲ್ಲು ಹತ್ತು ಮಾರು ಕಾಣುತ್ತದೆ, ಆಮೇಲೆ ಬಾಗಿ ಮರೆಯಾಗುತ್ತದೆ, ಅದರಾಚೆ ನೇರವಾಗಿ ಮರಗಳ ತಲೆ. ನಡುವೆ ಏನಿದೆ ಎನ್ನುವುದು ಕಣ್ಣಿಗೆ ಸಿಗುವುದಿಲ್ಲ. ನಾನು ತಿರುಗಿ ನೋಡಿದೆ. ಅಂಗೈ ಬೆವರಿತು. ಬೂಟಿನೊಳಗೆ ಬೆರಳುಗಳು ತಾವಾಗಿಯೇ ಮುದುರಿಕೊಂಡವು. ಮಳೆನೀರು ಇಳಿದ ಕಪ್ಪು ಗೆರೆಯೊಂದು ಪಕ್ಕದಲ್ಲೇ ಇತ್ತು, ಅದು ಒಣಗಿದ್ದರೂ ನನ್ನ ಕಡೆಗೇ ಹರಿದು ಬರುತ್ತಿದೆ ಎನ್ನಿಸಿತು. ನಾನು ನಾಲ್ಕು ಕಾಲಿನ ಪ್ರಾಣಿಯಾಗಿ ಬಂಡೆಯನ್ನು ತಬ್ಬಿಕೊಂಡೆ.

“ತಬ್ಬಿಕೊಳ್ಳಬೇಡಿ ಅಪ್ಪ, ನೆಟ್ಟಗೆ ನಿಲ್ಲಿ. ಪಾದ ಪೂರ್ತಿ ಊರಿ, ಭಾರ ಪಾದದ ಮೇಲಿರಲಿ. ಮುಂದಕ್ಕೆ ಬಾಗಿದರೇ ಜಾರುವುದು” ಎಂದು ಮೇಲಿನಿಂದ ಹೇಳಿದೆ. ಸರಿಯಾದ ಮಾತೇ. ನನ್ನ ತಲೆ ಒಪ್ಪಿತು, ಸೊಂಟ ಒಪ್ಪಲಿಲ್ಲ. ಅಷ್ಟರಲ್ಲಿ ಹೆಗಲ ಮೇಲೆ ಮಜ್ಜಿಗೆಯ ಕ್ಯಾನ್ ಹೊತ್ತ ಹುಡುಗನೊಬ್ಬ ಬರಿಗಾಲಿನಲ್ಲಿ ನನ್ನನ್ನು ದಾಟಿಕೊಂಡು ಹೋದ. ಹೋಗುವಾಗ, “ಕೂತ್ಕೊಳಿ ಸಾರ್, ಏನೂ ಆಗಲ್ಲ” ಎಂದು ಸಮಾಧಾನವನ್ನೂ ಹೇಳಿದ. ಆಗಲೇ ನನ್ನ ಬಾಯಿಂದ ಮೊಣಕಾಲು ಎನ್ನುವ ಶಬ್ದ ಬಿದ್ದದ್ದು.

ನೀನು ಕೆಳಗಿಳಿದು ಬಂದೆ, ಮೊಣಕಾಲು ಒತ್ತಿ ನೋಡಿದೆ, ನಾನೂ ಅಲ್ಲಿಯೇ ಇರುತ್ತೇನೆ ಎಂದೆ. ನಾನು ಬೈದು ಮೇಲೆ ಕಳಿಸಿದೆ. ಹೋಗುವ ಮೊದಲು ನೀನು ಒಂದು ಪ್ರಶ್ನೆ ಕೇಳಿದ್ದು ನೆನಪಿದೆಯೇ? “ಮೇಲೆ ಬಸವಣ್ಣ ಯಾವ ಕಡೆಗೆ ಮುಖ ಮಾಡಿದೆ, ಅಪ್ಪ?” ನಾನು ನೋವಿನಿಂದ ಕಣ್ಣು ಮುಚ್ಚಿಕೊಂಡವನ ಹಾಗೆ ಸುಮ್ಮನಿದ್ದೆ. ಯಾವ ಕಡೆಗೋ ಯಾರಿಗೆ ಗೊತ್ತು! 1988ರಲ್ಲಿಯೂ ನಾನು ಹೋದದ್ದು ಆ ಮೂರನೆಯ ಏರಿನ ಕೋಟೆಗೋಡೆಯವರೆಗೆ ಮಾತ್ರ. ಬಹುಶಃ ಅದೇ ಕಲ್ಲಿನ ಮೇಲೆ ಕೂತಿದ್ದೆ. ಆಗ ಹೇಳಿದ್ದು ಹೊಟ್ಟೆನೋವು. ಮೂವರು ಗೆಳೆಯರು ಮೇಲೆ ಹೋಗಿ ಬಂದರು. ಮಂಟಪ ಅವರದು, ಹಾರಿಹೋದ ಟವೆಲ್ ಅವರಲ್ಲೊಬ್ಬನದು. ಚಿತ್ರಾನ್ನ ಮಾತ್ರ ನನ್ನದು, ನಾನು ಒಬ್ಬನೇ ಕೆಳಗೆ ಕೂತು ತಿಂದೆ. ಮಾಗಡಿಯಿಂದ ಹಿಂತಿರುಗುವ ಬಸ್ಸಿನಲ್ಲಿ ಅವರು ಹೇಳಿದ್ದನ್ನೆಲ್ಲ ಜೋಡಿಸಿಕೊಂಡೆ. ಮದುವೆಯಾದ ಹೊಸದರಲ್ಲಿ ನಿಮ್ಮಮ್ಮನಿಗೆ ಹೇಳುವಾಗ ಅದು ನನ್ನದೇ ಆಗಿಬಿಟ್ಟಿತ್ತು. ಆ ಮೂವರಲ್ಲಿ ಒಬ್ಬ ಒಮ್ಮೆ ಮನೆಗೆ ಊಟಕ್ಕೆ ಬಂದವನು ಬಾಯಿ ತಪ್ಪಿ ನಿಜ ಹೇಳಿದನಂತೆ. ಇಪ್ಪತ್ತು ವರ್ಷದಿಂದ ಅವಳು ಸುಮ್ಮನಿದ್ದಾಳೆ. ಆ “ಯಾವ ಕಾಲಿಗೆ” ಪ್ರಶ್ನೆಯ ಧ್ವನಿ ನಿನಗೆ ಈಗ ಅರ್ಥವಾಗಬಹುದು.

ನೀನು ಮೇಲಿದ್ದ ಒಂದೂಕಾಲು ಗಂಟೆ ನನಗೆ ಬೇಸರವೇನೂ ಆಗಲಿಲ್ಲ. ಬಂಡೆಯ ತಗ್ಗಿನಲ್ಲಿ ಮೊರದಗಲ ನೀರು ನಿಂತಿತ್ತು, ಅದರ ಅಂಚಿನ ಹಿಡಿಮಣ್ಣಿನಲ್ಲೇ ಹುಲ್ಲು ಚಿಗುರಿತ್ತು. ಬಿಸಿಲು ಏರಿದ ಹಾಗೆ ಕಲ್ಲು ಕೂತಲ್ಲಿಂದ ಬಿಸಿಯಾಗುತ್ತಾ ಬಂತು. ಕೋತಿಯೊಂದು ಸೌತೆಕಾಯಿಯ ಪೊಟ್ಟಣ ಕಿತ್ತುಕೊಂಡು ಹೋಗಿ ಗೋಡೆಯ ಮೇಲೆ ಕೂತು ತಿಂದಿತು. ಅದಕ್ಕೆ ಕೆಳಗೆ ನೋಡುವ ಚಿಂತೆಯೇ ಇರಲಿಲ್ಲ.

ಇಳಿಯುವಾಗ ನಾನು ಕೂತು ಜಾರಿಕೊಂಡು ಬಂದದ್ದನ್ನು, ಪ್ಯಾಂಟಿನ ಹಿಂಭಾಗ ಹೋದದ್ದನ್ನು ಬರೆಯುವುದಿಲ್ಲ. ನೀನೇ ಹಿಂದಿದ್ದೆ.

ಇನ್ನೊಂದು ವಿಷಯ. ನೀನು ಮೇಲಿನಿಂದ ಬಂದವಳು ಮೊಬೈಲ್ ನನ್ನ ಮುಖಕ್ಕೆ ಹಿಡಿದು ಮಂಟಪದ ಫೋಟೋ ತೋರಿಸಿದೆ. ನಾನು ಬಹಳ ಹೊತ್ತು ನೋಡಿ, “ಹಾಗೇ ಇದೆ, ಒಂಚೂರೂ ಬದಲಾಗಿಲ್ಲ” ಎಂದೆ. ನೀನು ಹೂಂ ಎಂದು ಮೊಬೈಲನ್ನು ಜೇಬಿಗೆ ಹಾಕಿಕೊಂಡೆ. ಆ ಫೋಟೋವನ್ನು ದೊಡ್ಡದಾಗಿ ಮುದ್ರಿಸಿ ಅಂಚೆಯಲ್ಲಿ ಕಳುಹಿಸು. ಆವತ್ತು ನನಗೆ ಬೆಳ್ಳಗೆ ಏನೋ ಕಂಡಿತೇ ಹೊರತು ಮಂಟಪವೂ ಕಾಣಲಿಲ್ಲ, ಬಸವಣ್ಣನೂ ಕಾಣಲಿಲ್ಲ. ಓದುವ ಕನ್ನಡಕ ನಿನ್ನ ಚೀಲದಲ್ಲಿತ್ತು. ಬೆಳಗ್ಗೆ ಹತ್ತುವಾಗ ಬಿದ್ದೀತೆಂದು ಕೇಳಿ ತೆಗೆದುಕೊಂಡವಳು ನೀನೇ.

ನಿನ್ನ,
ಅಪ್ಪ