ಮರಿಗೆ ಎಂಟು ವಾರ ತಾಯಿ ಬೇಕು

ಮಾನ್ಯ ಸಂಪಾದಕರೇ,

ಕೊಡಗಿನ ಕಾಫಿ ತೋಟಗಳಲ್ಲಿ ಕಾವಲಿಗೆಂದು ತಿಂಗಳ ನಾಯಿಮರಿಯನ್ನೇ ತಂದು ಸರಪಳಿಗೆ ಕಟ್ಟುವುದುಂಟು. ದಯವಿಟ್ಟು ಬೇಡ. ಎಷ್ಟು ಬಿಗಿಯಾಗಿ ಕಚ್ಚಿದರೆ ನೋವಾಗುತ್ತದೆಂದು ಮರಿ ಕಲಿಯುವುದು ಒಡಹುಟ್ಟಿದ ಮರಿಗಳೊಡನೆ ಕಿತ್ತಾಡುತ್ತಲೇ. ತೋಳದ ಮರಿಗಿಂತ ನಾಯಿಮರಿ ಮನುಷ್ಯರಿಗೆ ಒಗ್ಗಿಕೊಳ್ಳುವ ಅವಧಿ ದೀರ್ಘ, ಸುಮಾರು 3ರಿಂದ 12 ವಾರ. ಆಗ ಒಂಟಿಯಾಗಿ ಕಟ್ಟಿದರೆ ಮುಂದೆ ಅಂಜುಬುರುಕ ಕಚ್ಚುನಾಯಿಯಾದೀತು.

6–8 ವಾರಕ್ಕೆ ಡಿಸ್ಟೆಂಪರ್, ಪಾರ್ವೊ ಎಂಬ ಮಾರಕ ವೈರಸ್ ರೋಗಗಳ ಲಸಿಕೆ ಶುರುಮಾಡಿ, 16 ವಾರದವರೆಗೆ 3–4 ವಾರಕ್ಕೊಮ್ಮೆ ಹಾಕಿಸಿ. ತಾಯಿಹಾಲಿನಿಂದ ಬಂದ ಪ್ರತಿಕಾಯಗಳು (ರೋಗ ತಡೆಯುವ ಅಂಶಗಳು) ಲಸಿಕೆಯನ್ನು ತಡೆಯುವುದರಿಂದ ಒಂದೇ ಸೂಜಿ ಸಾಲದು. 12 ವಾರಕ್ಕೆ ರೇಬಿಸ್ ಲಸಿಕೆ.

ಮರಿಯ ಆರೈಕೆ ಮನುಷ್ಯರಿಗೆ ಹೊಸತೇನಲ್ಲ. ಜರ್ಮನಿಯ ಬಾನ್ ಬಳಿ 1914ರಲ್ಲಿ ಸಿಕ್ಕ, ಸುಮಾರು 14,000 ವರ್ಷ ಹಳೆಯ ಸಮಾಧಿಯಲ್ಲಿ ಇಬ್ಬರು ಮನುಷ್ಯರ ಜತೆ ಎಳೆಯ ನಾಯಿಯೂ ಇತ್ತು. ಅದರ ಹಲ್ಲುಗಳಲ್ಲಿ ಡಿಸ್ಟೆಂಪರಿನ ಗುರುತಿದೆ. ಯಾರೋ ವಾರಗಟ್ಟಲೆ ಅದನ್ನು ಆರೈಕೆ ಮಾಡಿರಬೇಕೆಂದು ಸಂಶೋಧಕರ ಅಂದಾಜು.

– ಶ್ವಾನಪಾಲಕರು, ಮಡಿಕೇರಿ