ಮೂರು ಉದ್ಧರಣೆ ತೀರ್ಥದ ಋಣ

ನಮ್ಮ ಡಯಾಲಿಸಿಸ್ ಘಟಕಕ್ಕೆ ಐದು ವರ್ಷ ತುಂಬಿತು. ವೈದ್ಯರಿಗೂ ದಾನಿಗಳಿಗೂ ಹಾರ ಹಾಕಿ ಆಯಿತು. ವೇದಿಕೆಗೆ ಬಾರದ ಇನ್ನಷ್ಟು ಮಂದಿ ಇದ್ದಾರೆ: ಅರ್ಚಕರು, ಮೌಲವಿಗಳು, ಫಾದರ್‌ಗಳು, ಮಡಿ ಬಿಡದ ಮನೆಯ ಅಜ್ಜಿಯರು. ಈ ನಾಲ್ಕು ಮಾತು ಅವರಿಗೆ.

ಕಿಡ್ನಿ ಸೋತು, ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ರಕ್ತ ಶುದ್ಧಿಯ ಯಂತ್ರಕ್ಕೆ ಕೈಯೊಡ್ಡಿ ಮಲಗುವವರಿಗೆ ನೀರೂ ಲೆಕ್ಕದ್ದು. ಹಿಂದಿನ ದಿನ ಹೋದ ಮೂತ್ರದ ಅಳತೆಗೆ ಸುಮಾರು ಅರ್ಧ ಲೀಟರ್ ಸೇರಿಸಿದರೆ ಎಷ್ಟೋ ಅಷ್ಟೇ. ಕಾಫಿ, ಸಾರು, ಮಜ್ಜಿಗೆ ಎಲ್ಲ ಅದರೊಳಗೇ. ಮೂರು ಉದ್ಧರಣೆ ತೀರ್ಥವೆಂದರೆ ಹೆಚ್ಚುಕಡಿಮೆ 15 ಮಿಲಿ. ಅದನ್ನು ಯಾರೂ ಬಿಡಬೇಕಿಲ್ಲ. ಅಪಾಯ ಇರುವುದು ಎಳನೀರಿನಲ್ಲಿ, ಬಾಳೆಹಣ್ಣು ಕಿವುಚಿದ ಪಂಚಾಮೃತದಲ್ಲಿ. ಒಂದು ಎಳನೀರಿನಲ್ಲಿ 500 ಮಿಲಿಗ್ರಾಂಗೂ ಹೆಚ್ಚು ಪೊಟ್ಯಾಸಿಯಂ ಇರಬಹುದು. ಕಿಡ್ನಿ ಅದನ್ನು ಹೊರಹಾಕದಿದ್ದರೆ ಹೃದಯದ ಬಡಿತವೇ ತಪ್ಪಬಹುದು, ಅದೂ ಮುನ್ಸೂಚನೆಯಿಲ್ಲದೆ. ಅಭಿಷೇಕದ ಎಳನೀರಿನ ಬದಲು ಒಂದೆಸಳು ಹೂವು ಕೈಗಿಟ್ಟ ಅರ್ಚಕರೇ, ನಿಮಗೆ ನಮಸ್ಕಾರ.

ಏಕಾದಶಿಯ ಫಲಾಹಾರ ಊಟಕ್ಕಿಂತ ಹಗುರ ಎಂಬ ನಂಬಿಕೆ ಈ ಕಾಯಿಲೆಯಲ್ಲಿ ತಿರುಗುಮುರುಗು. ಬಾಳೆಹಣ್ಣು, ಖರ್ಜೂರ, ಆಲೂಗಡ್ಡೆ, ಎಲ್ಲವೂ ಪೊಟ್ಯಾಸಿಯಂ. ಅನ್ನವೇ ವಾಸಿ. ವ್ರತ ಬಿಡಲೊಲ್ಲದವರಿಗೆ ಸಬ್ಬಕ್ಕಿ, ಅರ್ಧ ಸೇಬು. ಆಲೂಗಡ್ಡೆ ಬೇಕೇಬೇಕೆಂದರೆ ಸಣ್ಣಗೆ ಹೆಚ್ಚಿ, ತುಂಬಾ ನೀರಿನಲ್ಲಿ ಬೇಯಿಸಿ, ನೀರು ಚೆಲ್ಲಬೇಕು. ಎಷ್ಟೋ ಮನೆಗಳಲ್ಲಿ ಇದನ್ನು ಅಜ್ಜಿಯರು ನಮಗಿಂತ ಬೇಗ ಕಲಿತರು. ಶ್ರಾವಣ ಸೋಮವಾರದ ನಿರಾಹಾರ ಮಾತ್ರ ಬೇಡವೇ ಬೇಡ. ಸೋಮ-ಬುಧ-ಶುಕ್ರ ಡಯಾಲಿಸಿಸ್ ಸರದಿಯವರಿಗೆ ಶನಿ, ಭಾನು ಎರಡು ದಿನ ಯಂತ್ರವಿಲ್ಲದೆ ಮೈಯಲ್ಲಿ ಹೆಚ್ಚು ನೀರು ಸೇರಿರುವುದು ಅಂದೇ; ಖಾಲಿ ಹೊಟ್ಟೆಯಲ್ಲಿ ಅಷ್ಟನ್ನು ಯಂತ್ರ ಎಳೆದರೆ ಬಿಪಿ ಕುಸಿಯಬಹುದು.

ರಂಜಾನ್‌ನಲ್ಲಿ ರೋಜಾ ಹಿಡಿಯಲಾಗದ ದೀರ್ಘಕಾಲದ ರೋಗಿ ದಿನಕ್ಕೊಬ್ಬ ಬಡವರಿಗೆ ಊಟ ಕೊಟ್ಟರೆ ಸಾಕು, ಅದೇ ಫಿದಿಯಾ. ವೈದ್ಯರು ಹತ್ತು ಸಲ ಹೇಳಿದರೂ ಅಳುಕುತ್ತಿದ್ದವರು ಮೌಲವಿಗಳು ಒಮ್ಮೆ ಹೇಳಿದ ಮೇಲೆ ನಿಶ್ಚಿಂತರಾದರು. ವಿಭೂತಿ ಬುಧವಾರ, ಶುಭ ಶುಕ್ರವಾರದ ಉಪವಾಸದಿಂದಲೂ ರೋಗಿಗೆ ವಿನಾಯಿತಿ ಇದೆಯೆಂದು ಹಾಸಿಗೆಯ ಬಳಿಗೇ ಬಂದು ಹೇಳಿದ ಫಾದರ್‌ಗಳಿಗೂ ಋಣಿ.

ಫಿಸ್ಟುಲಾ (ಸೂಜಿ ಚುಚ್ಚಲೆಂದು ಶಸ್ತ್ರಚಿಕಿತ್ಸೆಯಿಂದ ರಕ್ತನಾಳಗಳನ್ನು ಜೋಡಿಸಿದ ಜಾಗ) ಇರುವ ಕೈಗೆ ಹರಕೆಯ ದಾರ ಬಿಗಿಯಬಾರದು, ಬಿಗಿ ಬಳೆಯೂ ಬೇಡ. ರಕ್ತ ಹೆಪ್ಪುಗಟ್ಟಿದರೆ ಹೊಸ ಜಾಗದಲ್ಲಿ ಮತ್ತೆ ಶಸ್ತ್ರಚಿಕಿತ್ಸೆಯಾಗಬೇಕಾದೀತು. ಶಾಸ್ತ್ರದ ಕೈ ಯಾವುದೆಂದು ವಾದಿಸದೆ ಇನ್ನೊಂದು ಕೈಗೆ ಕಟ್ಟಿದವರಿಗೆಲ್ಲ ವಂದನೆ.

ಒಂದು ಮಾತು ಮಾತ್ರ ಇನ್ನೂ ನಿಂತಿಲ್ಲ: ‘ಹಿಂದಿನ ಜನ್ಮದ ಕರ್ಮ’. ನೋಡಲು ಬಂದವರು ಸಮಾಧಾನವೆಂದೇ ಅದನ್ನು ಹೇಳುತ್ತಾರೆ. ಕೇಳಿದವರು ಆಮೇಲೆ ಊಟ ಬಿಡುತ್ತಾರೆ, ಸರದಿ ತಪ್ಪಿಸುತ್ತಾರೆ. ದೇವರ ಮೇಲೆ ಮುನಿಸಿಕೊಂಡು ಕುಂಕುಮ ಬಿಟ್ಟವರ ಬಗ್ಗೆ ನಮಗೆ ಅಷ್ಟು ಚಿಂತೆಯಿಲ್ಲ. ಜಗಳವಾಡುವವರು ಸರದಿಗೆ ತಪ್ಪದೆ ಬರುತ್ತಾರೆ.

ಮೊದಲ ತಿಂಗಳುಗಳಲ್ಲಿ ಹರಕೆಗಳೆಲ್ಲ ದೊಡ್ಡವು: ಯಂತ್ರ ಬಿಡಿಸು, ಮುಡಿ ಕೊಡುತ್ತೇನೆ, ಬೆಟ್ಟ ಹತ್ತುತ್ತೇನೆ. ವರುಷ ಕಳೆಯುತ್ತ ಕೇಳಿಕೆ ಸಣ್ಣದಾಗುತ್ತದೆ. ಇವತ್ತು ಸೆಳೆತ ಬಾರದಿರಲಿ, ಸೂಜಿಗೆ ರಕ್ತನಾಳ ಒಂದೇ ಸಲಕ್ಕೆ ಸಿಗಲಿ. ಅಷ್ಟು ಹೇಳಿ ಕಣ್ಣು ಬಿಡುವವರೆಗೆ ಸೂಜಿ ಹಿಡಿದು ಸುಮ್ಮನೆ ಕಾಯುವ ಟೆಕ್ನಿಷಿಯನ್‌ಗಳೇ, ನಿಮಗೂ ಧನ್ಯವಾದ.