ನೆಗಡಿಗೆ ಲಾಕ್‌ಡೌನ್ ತಟ್ಟಲಿಲ್ಲ

ಮಾನ್ಯರೇ,

2020ರಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿ, ಜನರು ಮಾಸ್ಕ್ ಧರಿಸತೊಡಗಿದಾಗ ಜಗತ್ತಿನ ಬಹುಭಾಗದಲ್ಲಿ ಇನ್‌ಫ್ಲುಯೆಂಜಾ, ಆರ್‌ಎಸ್‌ವಿ (ಮುಖ್ಯವಾಗಿ ಪುಟ್ಟ ಮಕ್ಕಳ ಉಸಿರಾಟದ ಅಂಗಗಳನ್ನು ಕಾಡುವ ವೈರಸ್) ಸೋಂಕುಗಳು ಬಹುತೇಕ ಕಾಣೆಯಾದರೂ, ನೆಗಡಿ ತರುವ ರೈನೊವೈರಸ್ ಮಾತ್ರ ಹರಡುತ್ತಲೇ ಇತ್ತು. ಕೊಬ್ಬಿನ ಹೊರಕವಚವಿಲ್ಲದ ಈ ವೈರಸ್ ಮೇಲೆ ಸ್ಯಾನಿಟೈಸರ್‌ನ ಪ್ರಭಾವ ಕಡಿಮೆ. ಹಿಡಿಕೆ, ಕಂಬಿಗಳ ಮೇಲೆ ಅದು ಕೆಲವು ತಾಸು ಉಳಿಯಬಲ್ಲದು.

ಮೊನ್ನೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಬಸ್ಸಿನಲ್ಲಿ ಅಂಗೈಗೆ ಸೀನಿದ ಯುವಕನೊಬ್ಬ ಅದೇ ಕೈಯಿಂದ ಕಂಬಿ ಹಿಡಿದದ್ದನ್ನೂ, ನವನಗರದಲ್ಲಿ ಆತ ಇಳಿದೊಡನೆ ಶಾಲಾ ಬಾಲಕಿಯೊಬ್ಬಳು ಅಲ್ಲಿಯೇ ಕೈಯಿಟ್ಟು ಬಳಿಕ ಕಣ್ಣುಜ್ಜಿಕೊಂಡದ್ದನ್ನೂ ಕಂಡೆ. (ನಾನೂ ಅದೇ ಕಂಬಿ ಹಿಡಿದಿದ್ದೆ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು.) ಸ್ಯಾನಿಟೈಸರ್ ಬಾಟಲಿಗಿಂತ ನಿಲ್ದಾಣಗಳಲ್ಲಿ ಸೋಪು, ನೀರಿನ ನಲ್ಲಿ ಒದಗಿಸುವುದು ಮತ್ತು ದಿನಕ್ಕೆ ಎರಡು ಬಾರಿಯಾದರೂ ಕಂಬಿಗಳನ್ನು ಒರೆಸುವುದು ಹೆಚ್ಚು ಉಪಯುಕ್ತ; ಸಂಬಂಧಪಟ್ಟವರು ಇತ್ತ ಗಮನ ಹರಿಸಬೇಕೆಂದು ವಿನಂತಿ.

– ನಿತ್ಯ ಪ್ರಯಾಣಿಕ, ಧಾರವಾಡ